ಡಬಲ್ ಬಾಸ್ ತಟ್ಟಿ ನೋಡಿದ್ದು

ನನ್ನ ಮಂಚದ ಮೇಲೆ ಆಳೆತ್ತರದ ಪಿಟೀಲೊಂದು ರಗ್ಗು ಹೊದ್ದು ಮಲಗಿತ್ತು. ಅಮೆರಿಕದ ಈ ಮನೆಯ ಗ್ಯಾರೇಜಿನ ಚಳಿಗೆ ಅಂಟು ಹಿಡಿಯುವುದಿಲ್ಲವೆಂದು ಮಗಳು ಅಲ್ಲಿ ಮಲಗಿಸಿದ್ದಳು. ಹಳೆಯ ಪ್ಲೈವುಡ್ ಡಬಲ್ ಬಾಸ್‌ಗಳನ್ನು ರಿಪೇರಿ ಮಾಡುವುದು ಅವಳ ಹುಚ್ಚು. ಅದರ ಯಜಮಾನ, ಎಂಬತ್ತರ ಅಮೆರಿಕನ್ ಮುದುಕ, ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಮರುದಿನ ತಮ್ಮನ ಶವಸಂಸ್ಕಾರದಲ್ಲಿ ಅವನು ಅದನ್ನು ನುಡಿಸಬೇಕಿತ್ತು. ತಂತಿ ಮೀಟಿದರೆ ಒಳಗೆಲ್ಲೋ ಜೀರುಂಡೆ ಕೂತ ಹಾಗೆ ಗುಂಯ್‌ಗುಡುತ್ತಿತ್ತು.

“ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ತಿಲ್ಲಮ್ಮ. ಹೊಟ್ಟೆ ಬಿಚ್ಚಿದ್ರೆ ನಾಳೆಗೆ ರೆಡಿ ಆಗಲ್ಲ,” ಅಂದಳು ಮಗಳು.

ನಾನು ಶಾಲೆಗೆ ಹೋಗಿದ್ದು ಎರಡು ವರ್ಷ, ಸಂತೆಯಲ್ಲಿ ಮಡಕೆ ಮಾರಿದ್ದು ಮೂವತ್ತು ವರ್ಷ. ಬೆರಳ ಗೆಣ್ಣಿನಿಂದ ಅದರ ಮೈಯೆಲ್ಲ ತಟ್ಟುತ್ತ ಹೋದೆ. ಸೊಂಟದ ಹತ್ತಿರ ಬಿರುಕು ಬಿಟ್ಟ ಮಡಕೆಯ ಸದ್ದು ಬಂತು.

“ಇಲ್ಲಿ ನೋಡೇ,” ಅಂದೆ.

ಪ್ಲೈವುಡ್ಡಿನ ಪದರ ಅಲ್ಲೇ ಬಿಟ್ಟುಕೊಂಡಿತ್ತು. ಮಗಳು ಸಿರಿಂಜಿನಲ್ಲಿ ಅಂಟು ತೂರಿಸಿ ಕ್ಲಾಂಪು ಬಿಗಿದಳು.

ಮುದುಕ ನನ್ನೆದುರು ತಲೆ ಬಗ್ಗಿಸಿ ಏನೋ ಹೇಳಿದ. ನಮಸ್ಕಾರವೇನೋ ಅಂದುಕೊಂಡೆ.

“ಅವರ ತಲೇನೂ ತಟ್ಟಿ ನೋಡ್ಬೇಕಂತೆ,” ಅಂದಳು ಮಗಳು.

ತಟ್ಟಿದೆ. “ಗಟ್ಟಿಯಿದೆ, ಇನ್ನೂ ಹತ್ತು ವರ್ಷ ನೀರು ತುಂಬಿಡಬಹುದು ಅನ್ನು.”

ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ನಗುತ್ತ, ಅಳುತ್ತ ನೆಲದ ಮೇಲೇ ಕೂತುಬಿಟ್ಟ. ಮರುದಿನ ವಾದ್ಯ ಗುಂಯ್ ಅನ್ನಲಿಲ್ಲವಂತೆ.

ಈಗ ಶನಿವಾರವಾದರೆ ಲಿನ್‌ವುಡ್‌ನ ನಮ್ಮ ಮನೆಗೆ ಯಾರಾದರೊಬ್ಬರು ವಾದ್ಯ ಹೊತ್ತು ಬಂದು ತಟ್ಟಿಸಿಕೊಂಡು ಹೋಗುತ್ತಾರೆ. ಕೆಲವರು ತಲೆಯನ್ನೂ ಒಡ್ಡುತ್ತಾರೆ. ಅದಕ್ಕೆ ಮುಂಚೆ ಆರು ವರ್ಷ ಈ ಊರಲ್ಲಿ ಮಗಳು “ಊಟ ಆಯ್ತಾ” ಅನ್ನುವುದು ಬಿಟ್ಟರೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.