ಅತ್ತೆಯ ನಾಲಿಗೆ ಮತ್ತು ಸತುವಿನ ಬಕೆಟ್ಟು

ಜೀವನದಲ್ಲಿ ನನ್ನ ಮೇಲೆ ಬಂದ ದೊಡ್ಡ ಆಪಾದನೆ ಎಂದರೆ ಸಾರಿಗೆ ಉಪ್ಪು ಹಾಕುವುದಿಲ್ಲ ಎಂಬುದು. ನಗುವವರು ನಗಲಿ. ಈ ಆಪಾದನೆಯ ಮೇಲೆ ನನ್ನನ್ನು ತವರಿಗೆ ಅಟ್ಟುವುದರಲ್ಲಿದ್ದರು. ಅದಕ್ಕಾಗಿ ನ್ಯಾಯ ಸೇರಿತ್ತು, ಮತ್ತು ನ್ಯಾಯ ಹೇಳಲು ಬಂದವರೆಲ್ಲ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೊಸೂರು ಪೇಟೆಯ ಮೇಷ್ಟರ ಮಗಳು. ಕೊಟ್ಟಿದ್ದು ಹತ್ತಿರದ ತಳಿ ಎಂಬ ಊರಿನ ಕಡೆಯ ಒಂದು ಹಳ್ಳಿಗೆ. ನನ್ನವರು ಹೊಸೂರಿನಲ್ಲಿ ಹೊಸದಾಗಿ ಎದ್ದಿದ್ದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು, ಶಿಫ್ಟಿಗೆ ತಕ್ಕಂತೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು. ಮಾವ ಮಾತು ಕಡಿಮೆಯ ಮನುಷ್ಯ. ಅತ್ತೆ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು, ಕೋಪ ಬಂದಾಗ ಮಾತ್ರ ಬಹುವಚನ. ಮನೆಯಲ್ಲಿ ‘ನೀವು’ ಎಂಬ ಮಾತು ಕೇಳಿಸಿತೆಂದರೆ ಮಾವ ಮೆಲ್ಲಗೆ ಎದ್ದು ಹೊಲದ ಕಡೆ ನಡೆಯುತ್ತಿದ್ದರು.

ಅತ್ತೆಯ ನಾಲಿಗೆಗೆ ಸುತ್ತಮುತ್ತ ಹೆಸರಿತ್ತು. ಯಾವ ಮನೆಯಲ್ಲಿ ಮದುವೆಯಾದರೂ ಅಡಿಗೆಯವರು ಸಾರನ್ನು ಮೊದಲು ಅವರ ಅಂಗೈಗೆ ಬಿಡಬೇಕು. ಅವರು ನೆಕ್ಕಿ, ಕಣ್ಣು ಮುಚ್ಚಿ, ‘ಕೊತ್ತಂಬ್ರಿ ಬೀಜ ಒಸಿ ಹೊತ್ತೈತೆ’ ಅಂದರೆ ಹೊತ್ತಿದೆ ಎಂದೇ ಅರ್ಥ. ಅಂಥವರು ನನ್ನ ಅಡಿಗೆಯನ್ನು ಒಪ್ಪಲು ವರ್ಷ ಹಿಡಿಯಿತು. ಒಪ್ಪಿದ ದಿನ ಹೇಳಿದ್ದು ಒಂದೇ ಮಾತು: ‘ಸರ್ಯಾಗೈತೆ.’ ಅಷ್ಟಕ್ಕೇ ನಾನು ಒಳಗೆ ಹೋಗಿ ಸಂತೋಷಕ್ಕೆ ಅತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೆ ಅತ್ತಿದ್ದು ನಿಜ.

ಎರಡನೆಯ ವರ್ಷ ಒಂದು ಮಧ್ಯಾಹ್ನ ಅತ್ತೆ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡವರು ಹಾಗೇ ಕೂತುಬಿಟ್ಟರು. ‘ಉಪ್ಪೇ ಹಾಕಿಲ್ವಲ್ಲಮ್ಮಿ.’

ಹಾಕಿದ್ದೆ. ಆದರೂ ಇನ್ನಷ್ಟು ಹಾಕಿದೆ. ಮರುದಿನವೂ ಅದೇ ಮಾತು, ಮತ್ತಷ್ಟು ಹಾಕಿದೆ. ತಿಂಗಳು ಕಳೆಯುವುದರಲ್ಲಿ ನಮ್ಮ ಮನೆಯ ಸಾರು ಮನುಷ್ಯರು ತಿನ್ನುವ ಹಾಗಿರಲಿಲ್ಲ. ಅನ್ನ ಕಲಸಿ ಹಾಕಿದರೆ ನಾಯಿ ಮೂಸಿ ನೋಡಿ, ನನ್ನ ಮುಖವನ್ನೊಮ್ಮೆ ನೋಡಿ, ಪಕ್ಕದ ಮನೆಗೆ ಹೋಗುತ್ತಿತ್ತು. ಅತ್ತೆ ಮಾತ್ರ ‘ಸಪ್ಪೆ, ಸಪ್ಪೆ’ ಎನ್ನುತ್ತಲೇ ಇದ್ದರು. ನಾನು ಮಾವನ ಕಡೆ ನೋಡುತ್ತಿದ್ದೆ. ಮಾವ ಒಂದು ತುತ್ತು ನುಂಗಿ, ಒಂದು ಚೊಂಬು ನೀರು ಕುಡಿದು, ‘ಹೂಂ, ಸಪ್ಪೇನೇ’ ಎನ್ನುತ್ತಿದ್ದರು. ಊಟ ಮುಗಿಯುವಷ್ಟರಲ್ಲಿ ಕೊಡ ಖಾಲಿ. ನನ್ನವರನ್ನು ಕೇಳಿದರೆ, ‘ನಂಗೆ ಕ್ಯಾಂಟೀನಲ್ಲೇ ಊಟ ಆಯ್ತು’ ಅಂತ ನುಣುಚಿಕೊಳ್ಳುತ್ತಿದ್ದರು. ಅಂಥ ಗಂಡನನ್ನು ಕಟ್ಟಿಕೊಂಡು ಯಾರ ಹತ್ತಿರ ಸಾಕ್ಷಿ ಕೇಳಲಿ?

ಕೆಲವು ದಿನ ಅತ್ತೆಯ ಅನುಮಾನ ಉಪ್ಪಿನ ಮೇಲೆಯೇ ತಿರುಗಿತು. ಸೈಕಲ್ಲಿನ ಮೇಲೆ ಮೂಟೆ ಇಟ್ಟುಕೊಂಡು ಕಲ್ಲುಪ್ಪು ಮಾರುವ ತಮಿಳಿನವನೊಬ್ಬ ಬರುತ್ತಿದ್ದ. ಅತ್ತೆ ಅವನನ್ನು ಬೀದಿಯಲ್ಲಿ ತಡೆದರು. ‘ಏನಪ್ಪಾ, ಉಪ್ಪು ಅಂತ ಬೆಣಚುಕಲ್ಲು ಕುಟ್ಟಿ ಮಾರ್ತೀಯಾ?’ ಆತ ಒಂದು ಹರಳು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ‘ಸಾಮಿ ಸತ್ಯಮಾ ಉಪ್ಪುದಾನಮ್ಮಾ’ ಎಂದು ನೆಲ ಮುಟ್ಟಿ, ಉಪ್ಪೇ ಅಂತ ದೇವರ ಆಣೆ ಮಾಡಿದ. ಅತ್ತೆ ತಾವೂ ಒಂದು ಹರಳು ಬಾಯಿಗೆ ಹಾಕಿಕೊಂಡು ಉಗಿದರು. ಅವನು ಆಮೇಲೆ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟ.

ಉಪ್ಪಿನವನು ಹೋದ ಮೇಲೆ ತಪ್ಪು ಪೂರ್ತಿ ನನ್ನದೇ ಆಯಿತು. ಅತ್ತೆ ಉಪ್ಪಿನ ಜಾಡಿಯನ್ನು ಒಲೆಯ ಪಕ್ಕದಿಂದ ಎತ್ತಿ ತಮ್ಮ ಕೋಣೆಯ ಅಟ್ಟದ ಮೇಲಿಟ್ಟರು. ಅಡಿಗೆ ನನ್ನದು, ಉಪ್ಪು ಅವರದು. ಅವರು ಕೈತುಂಬ ಹಾಕಿಯೂ ಸಪ್ಪೆಯೇ. ‘ಇವಳ ಕೈಗುಣ ಕಣೇ, ಉಪ್ಪನ್ನೂ ಕೊಲ್ತಾಳೆ’ ಎಂದು ನೆರೆಮನೆಯವರ ಮುಂದೆ ಹೇಳಿದರು. ಆ ಮಾತು ನನಗೆ ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಿಲ್ಲ. ಆ ತಿಂಗಳುಗಳಲ್ಲಿ ನಾನು ಅವರನ್ನು ದ್ವೇಷಿಸಿದೆ. ಪಾತ್ರೆ ತಿಕ್ಕುವಾಗ ಅವರ ತಟ್ಟೆಯನ್ನು ಹೆಚ್ಚು ಜೋರಾಗಿ ತಿಕ್ಕುತ್ತಿದ್ದೆ.

ಈ ನಡುವೆ ಅತ್ತೆಯ ಕಾಲಿಗೆ ಕುಡುಗೋಲು ತಗುಲಿದ ಗಾಯ ಮಾಯಲೇ ಇಲ್ಲ. ತಲೆ ಬಾಚಿದರೆ ಕೂದಲು ಉಂಡೆ ಉಂಡೆಯಾಗಿ ಬರುತ್ತಿತ್ತು. ಗಾಯ ತೋರಿಸಲು ಅವರನ್ನು ಡೆಂಕಣಿಕೋಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಂದಿರದ ಹುಡುಗ, ಗಾಯ ನೋಡಿ, ಕೂದಲು ನೋಡಿ, ‘ಊಟ ರುಚಿ ಇರುತ್ತಾಮ್ಮಾ?’ ಎಂದು ಕೇಳಿದರು.

‘ಇವಳು ಉಪ್ಪು ಹಾಕಿದ್ರಲ್ವಾ ಸಾರ್ ರುಚಿ ಇರೋಕೆ.’

ಡಾಕ್ಟರು ಪಕ್ಕದ ಚಹಾ ಅಂಗಡಿಯಿಂದ ಒಂದು ಕಾಗದದಲ್ಲಿ ಉಪ್ಪು, ಒಂದರಲ್ಲಿ ಸಕ್ಕರೆ ತರಿಸಿದರು. ಅತ್ತೆಗೆ ಕಣ್ಣು ಮುಚ್ಚಲು ಹೇಳಿ ಎರಡನ್ನೂ ಚೂರು ಚೂರು ನಾಲಿಗೆಗೆ ಹಾಕಿದರು. ಅತ್ತೆ ಮೊದಲನೆಯದಕ್ಕೆ ‘ರವೆ’ ಅಂದರು, ಎರಡನೆಯದಕ್ಕೆ ‘ಇದೂ ರವೆಯೇ, ದಪ್ಪ ರವೆ’ ಅಂದರು. ನನಗೆ ಅಲ್ಲೇ ಎದ್ದು ಕುಣಿಯಬೇಕು ಅನ್ನಿಸಿತು.

ಆಮೇಲೆ ಡಾಕ್ಟರು, ಅತ್ತೆ ಏನು ಊಟ ಮಾಡುತ್ತಾರೆಂದು ವಿಚಾರಿಸಿದರು. ಹಿಂದೊಮ್ಮೆ ಮಾವನಿಗೆ ಕಾಯಿಲೆ ಜೋರಾಗಿದ್ದಾಗ ಅತ್ತೆ ಬೆಟ್ಟದ ದೇವರಿಗೆ ಹರಕೆ ಹೊತ್ತು ಮಾಂಸ, ಮೊಟ್ಟೆ ಬಿಟ್ಟಿದ್ದರು. ಮಾವ ಬದುಕಿದರು. ಅಂದಿನಿಂದ ಅತ್ತೆಯದು ಮುದ್ದೆ, ಸೊಪ್ಪಿನ ಸಾರು, ಅಷ್ಟೇ. ಮೈಗೆ ಸತು ಎಂಬ ಲೋಹ ಚೂರೇ ಚೂರು ಬೇಕು ಎಂದು ಡಾಕ್ಟರು ವಿವರಿಸಿದರು. ಗಾಯ ಮಾಯಲು, ಕೂದಲು ನಿಲ್ಲಲು, ಮಕ್ಕಳು ಬೆಳೆಯಲು, ನಾಲಿಗೆಗೆ ರುಚಿ ತಿಳಿಯಲು ಅದು ಬೇಕಂತೆ. ಮಾಂಸ ಮೊಟ್ಟೆಯಿಂದ ಸುಲಭವಾಗಿ ಸಿಗುತ್ತದಂತೆ. ರಾಗಿ, ಕಾಳುಗಳಲ್ಲೂ ಉಂಟು, ಆದರೆ ಅವುಗಳ ಹೊಟ್ಟಿನಲ್ಲಿರುವ ಇನ್ನೊಂದು ಪದಾರ್ಥ ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದಂತೆ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ ಎಂದರು. ‘ಇದೇ ಕಾರಣ ಅಂತ ಖಂಡಿತ ಹೇಳಲ್ಲ. ಮಾತ್ರೆ ಕೊಡ್ತೀನಿ, ನೋಡೋಣ.’

‘ತಗಡು ತಿನ್ನು ಅಂತಾನೆ ಡಾಕ್ಟ್ರು! ಸೊಸೆ ಮಾಡೋ ತಪ್ಪಿಗೆ ಅತ್ತೆಗೆ ಮಾತ್ರೆ!’ ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ಅತ್ತೆ ಹೇಳಿದರು. ಮಾತ್ರೆಯ ಪೊಟ್ಟಣವನ್ನು ದೇವರ ಪಟದ ಹಿಂದೆ ತುರುಕಿ, ಮರುದಿನವೇ ನನ್ನ ಅಪ್ಪ ಅಮ್ಮನಿಗೆ ಹೇಳಿ ಕಳಿಸಿದರು: ಭಾನುವಾರ ಬಂದು ಮಗಳನ್ನು ಕರಕೊಂಡು ಹೋಗಿ, ಉಪ್ಪು ಹಾಕೋದು ಕಲಿಸಿ ಆಮೇಲೆ ಕಳಿಸಿ. ನ್ಯಾಯ ನೋಡಲು ಊರಿನ ಹಿರಿಯರೊಬ್ಬರನ್ನೂ ಕರೆದರು.

ರಾತ್ರಿ ನನ್ನವರು ಸತುವಿನ ವಿಷಯ ಕೇಳಿ ಉತ್ಸಾಹದಿಂದ ಹೇಳಿದರು: ‘ಜಿಂಕಾ? ನಮ್ ಫ್ಯಾಕ್ಟ್ರೀಲಿ ಶೀಟಿಗೆಲ್ಲ ಬಳಿಯೋದು ಅದೇಯ. ಬಾವಿ ಬಕೆಟ್ಟಿಗೂ ಅದೇ, ತುಕ್ಕು ಹಿಡೀದೆ ಇರ್ಲಿ ಅಂತ.’ ಹೆಂಡತಿ ಮನೆ ಬಿಡುವ ಹೊತ್ತಿನಲ್ಲೂ ಫ್ಯಾಕ್ಟರಿಯ ಸುದ್ದಿ! ನಾನು ಮುಖ ತಿರುಗಿಸಿಕೊಂಡೆ. ಆದರೆ ಮಾವ ಆ ಮಾತನ್ನು ಗಮನವಿಟ್ಟು ಕೇಳಿಸಿಕೊಂಡರು. ಕಬ್ಬಿಣದ ಬಾಣಲೆಯಲ್ಲಿ ಸೊಪ್ಪು ಬೇಯಿಸಿದರೆ ರಕ್ತಕ್ಕೆ ಒಳ್ಳೆಯದೆಂದು ಅವರ ತಾಯಿ ಹೇಳುತ್ತಿದ್ದರಂತೆ. ಹಾಗಾದರೆ ಹೆಂಡತಿ ಮಾತ್ರೆ ನುಂಗದಿದ್ದರೇನು, ಬಕೆಟ್ಟಿಲ್ಲವೇ? ಮಾವ ಯಾರಿಗೂ ಹೇಳದೆ ಸಂತೆಯಿಂದ ಫಳಫಳ ಹೊಳೆಯುವ ಹೊಸ ಬಕೆಟ್ಟು ತಂದು, ಶನಿವಾರ ಸಂಜೆ ಹುಳಿ ಮಜ್ಜಿಗೆಯನ್ನೆಲ್ಲ ಅದಕ್ಕೆ ಸುರಿದು ಮುಚ್ಚಿಟ್ಟರು. ಸತು ಚೆನ್ನಾಗಿ ಇಳಿಯಲಿ ಎಂದು ಬೆಳಿಗ್ಗೆ ಕೋಲಿನಿಂದ ತಿರುವಿದರಂತೆ.

ಭಾನುವಾರ ಅಪ್ಪ, ಅಮ್ಮ, ಹಿರಿಯರು, ಪಕ್ಕದ ಮನೆಯ ಅಜ್ಜಿ ಎಲ್ಲರೂ ಜಗಲಿಯಲ್ಲಿ ಕೂತರು. ನನ್ನವರು ಅಂದೂ ಶಿಫ್ಟಿಗೆ ಹೋಗಿದ್ದರು. ನನ್ನ ಬಟ್ಟೆಯ ಗಂಟು ಬಾಗಿಲ ಹತ್ತಿರ ಸಿದ್ಧವಾಗಿತ್ತು. ಅತ್ತೆ ಹೇಳಿದರು: ‘ಸಾರಿಗೆ ನಾನೇ ಕೈಯಾರೆ ಉಪ್ಪು ಹಾಕಿವ್ನಿ. ಆದ್ರೂ ಸಪ್ಪೆ. ನೀವೇ ನೋಡಿ ಹೇಳಿ.’

ಹಿರಿಯರ ಅಂಗೈಗೆ ಸಾರು ಬಿಟ್ಟೆ. ನೆಕ್ಕಿದರು. ಅವರ ಮೀಸೆ ನಡುಗಿತು. ಬೀಗರ ಮುಂದೆ ಅತ್ತೆಯನ್ನು ಸುಳ್ಳುಗಾರ್ತಿ ಎನ್ನುವುದು ಹೇಗೆಂದು ಯೋಚಿಸುತ್ತಾ, ‘ಒಸಿ ಮಜ್ಜಿಗೆ ಕೊಡಮ್ಮಾ’ ಅಂದರು. ಅಪ್ಪ ನೆಕ್ಕಿದರು, ಅವರಿಗೂ ಮಜ್ಜಿಗೆ ಬೇಕಾಯಿತು. ಅಮ್ಮನಿಗೂ, ಅಜ್ಜಿಗೂ ಬೇಕಾಯಿತು. ಮಾವ ಬಹಳ ಉಪಚಾರದಿಂದ ತಾವೇ ಒಳಗಿನಿಂದ ಲೋಟ ಲೋಟ ತಂದು ಕೊಟ್ಟರು. ಅತ್ತೆಗೆ ಮಾತ್ರ ಒತ್ತಾಯ ಮಾಡಿ ಇನ್ನೊಂದು ಲೋಟ ಕುಡಿಸಿದರು. ಕುಡಿದವರೆಲ್ಲ ಒಂದು ಥರ ಮುಖ ಮಾಡಿದರು, ಆದರೆ ಯಾರೂ ಬಾಯಿ ಬಿಡಲಿಲ್ಲ.

ಹಿರಿಯರು ಗಂಟಲು ಸರಿಮಾಡಿಕೊಂಡು, ‘ನ್ಯಾಯ ಅಂದ್ರೆ...’ ಎಂದು ಶುರುಮಾಡಿದವರು ಅಷ್ಟಕ್ಕೇ ನಿಲ್ಲಿಸಿ ಹಿತ್ತಲಿಗೆ ಓಡಿದರು. ಅವರ ಹಿಂದೆ ಅಪ್ಪ, ಅಪ್ಪನ ಹಿಂದೆ ಅಮ್ಮ. ಅಜ್ಜಿ ಓಡಲಾರದೆ ಜಗಲಿಯ ಅಂಚಿಗೇ ವಾಂತಿ ಮಾಡಿಕೊಂಡರು. ಕೊನೆಗೆ ಅತ್ತೆ. ಉಪ್ಪು ಹಾಕದವಳು ಈಗ ವಿಷ ಹಾಕಿದಳು ಎಂದು ಬೀದಿಯವರೆಲ್ಲ ಸೇರಿದರು. ಮಾವ ಗೋಡೆಗೆ ಒರಗಿ ಬೆವರುತ್ತಾ, ‘ಬಕೆಟ್ಟು... ಬಕೆಟ್ಟು...’ ಎನ್ನುತ್ತಿದ್ದರು.

ಎಲ್ಲರನ್ನೂ ಜೀಪಿಗೆ ತುಂಬಿಕೊಂಡು ಅದೇ ಡಾಕ್ಟರ ಹತ್ತಿರ ಓಡಿದೆವು. ಪುಣ್ಯಕ್ಕೆ ಯಾರಿಗೂ ಹೆಚ್ಚಾಗಲಿಲ್ಲ. ಡಾಕ್ಟರು ವಿಷಯ ತಿಳಿದು ತಲೆ ಹಿಡಿದುಕೊಂಡರು. ‘ಯಜಮಾನ್ರೇ, ಅಂಥ ಬಕೆಟ್ಟಲ್ಲಿ ಹುಳಿ ಇಟ್ರೆ ಸತು ಕರಗಿ ಬರುತ್ತೆ. ನಾನು ಹೇಳಿದ್ದು ಚೂರು, ನೀವು ಕುಡಿಸಿದ್ದು ಮೈ ತಾಳದಷ್ಟು. ಹೋಗ್ಲಿ, ಕುಡಿಯುವಾಗ ಯಾರಿಗೂ ರುಚಿ ಕೆಟ್ಟಿದೆ ಅಂತ ಗೊತ್ತಾಗ್ಲಿಲ್ವಾ?’

‘ಗೊತ್ತಾಯ್ತು ಸಾರ್, ತಗಡು ನೆಕ್ಕಿದಂಗಿತ್ತು’ ಅಂದರು ಹಿರಿಯರು. ‘ಬೀಗರ ಮನೆ, ಹೇಗೆ ಹೇಳೋದು ಅಂತ ಸುಮ್ಮನಾದೆ’ ಅಂದರು ಅಪ್ಪ. ಅಜ್ಜಿಯೂ ಬಾಯಿ ಒರೆಸಿಕೊಳ್ಳುತ್ತಾ, ‘ಥೂ, ಕಹಿ’ ಅಂದರು.

ಅತ್ತೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ‘ನಂಗೇನೂ ಗೊತ್ತಾಗ್ಲಿಲ್ವಲ್ಲ’ ಅಂದರು.

ವಾಪಸು ಬರುವಾಗ ಜೀಪಿನಲ್ಲಿ ಅತ್ತೆ ನನ್ನ ಪಕ್ಕ ಕೂತಿದ್ದರು. ಮಾವನ ಕಡೆ ತಿರುಗಿ ಕೇಳಿದರು: ‘ಸಾರು ಉಪ್ಪಾಗಿತ್ತಾ ಇಷ್ಟು ದಿನ?’

‘ಹೂಂ.’

‘ಮತ್ತೆ ಸಪ್ಪೆ ಅಂತಿದ್ದೆ?’

‘ನೀನು ಸಪ್ಪೆ ಅಂದ್ಮೇಲೆ ನಾನು ಬೇರೆ ಏನನ್ನಲಿ?’

‘ನೀವು ಮಾತಾಡ್ಬೇಡಿ’ ಅಂದರು ಅತ್ತೆ. ಜೀಪು ಓಡುತ್ತಿದ್ದುದರಿಂದ ಮಾವನಿಗೆ ಹೊಲದ ಕಡೆ ಹೋಗಲು ಆಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ‘ಇನ್ಮೇಕೆ ಮದ್ವೆ ಮನೇಲಿ ನನ್ ಅಂಗೈಗೆ ಯಾರು ಸಾರು ಬುಡ್ತಾರಮ್ಮಿ?’ ಎಂದು ಅತ್ತರು. ಅಷ್ಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ಕೈ ಹಿಡಿದುಕೊಂಡೆ. ಮನೆಗೆ ಬಂದು ನೋಡಿದರೆ ನನ್ನ ಬಟ್ಟೆಯ ಗಂಟನ್ನು ಯಾರೋ ಒಳಗಿಟ್ಟಿದ್ದರು. ಅಪ್ಪ ಅಮ್ಮ ನನ್ನನ್ನು ಬಿಟ್ಟು ಹೊಸೂರಿಗೆ ಹೋದರು.

ಡಾಕ್ಟರು ಹೇಳಿದಷ್ಟು ದಿನ ಬಿಟ್ಟು, ದೇವರ ಪಟದ ಹಿಂದಿದ್ದ ಮಾತ್ರೆ ಹೊರಗೆ ಬಂತು. ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಿದೆ. ಎಳ್ಳಿನ ಚಟ್ನಿ ಮಾಡಿದೆ, ಕುಂಬಳಬೀಜ ಹುರಿದೆ. ಮಾಂಸ, ಮೊಟ್ಟೆಯ ವಿಷಯಕ್ಕೆ ಬೆಟ್ಟದ ದೇವರ ಹತ್ತಿರ ಹೋಗಿ ಹೂ ಕೇಳಿದೆವು. ಮಾಂಸಕ್ಕೆ ಹೂ ಎಡಕ್ಕೆ ಬಿತ್ತು, ಅಂದರೆ ಬೇಡ. ಮೊಟ್ಟೆಗೆ ಎಷ್ಟು ಹೊತ್ತಾದರೂ ಬೀಳಲೇ ಇಲ್ಲ. ಮಾವ ಗರ್ಭಗುಡಿಯ ಬಾಗಿಲಲ್ಲಿ ಜೋರಾಗಿ ಸೀನಿದರು, ಬಲಗಡೆಯ ಹೂ ಬಿತ್ತು. ದೇವರು ಒಪ್ಪಿದನೆಂದು ಪೂಜಾರಿ ಹೇಳಿದ ಮೇಲೆ ನಾವು ಯಾಕೆ ತಕರಾರು ಮಾಡೋಣ?

ಉಪ್ಪಿನ ಜಾಡಿ ಮಾತ್ರ ಅಟ್ಟದಿಂದ ಇಳಿಯಲಿಲ್ಲ. ಸೋಲಲು ಅವರಿಗೆ ಮನಸ್ಸಿರಲಿಲ್ಲ, ಕೇಳಲು ನನಗೂ ಮನಸ್ಸಿರಲಿಲ್ಲ. ದಿನವೂ ಅವರು ಜಾಡಿ ತಂದು, ನನ್ನ ಮುಖವನ್ನೇ ನೋಡುತ್ತಾ ಚಿಟಿಕೆ ಚಿಟಿಕೆಯಾಗಿ ಉಪ್ಪು ಹಾಕುತ್ತಿದ್ದರು. ನಾನು ತಲೆಯಾಡಿಸಿದರೆ ನಿಲ್ಲಿಸುತ್ತಿದ್ದರು. ನಾಯಿ ಮನೆಗೆ ವಾಪಸು ಬಂತು. ಕಾಲಿನ ಗಾಯ ಮಾಯಿತು. ನಾಲಿಗೆಯ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬೀದಿಯ ತುದಿಯಲ್ಲಿ ಉಪ್ಪಿನವನ ಕೂಗು ಕೇಳಿಸಿತು. ನಮ್ಮ ಮನೆಯ ಮುಂದೆ ಬಾರದೆ ಸುತ್ತು ಹಾಕಿ ಹೋಗುತ್ತಿದ್ದ. ಅತ್ತೆ ಬರಿಗಾಲಲ್ಲೇ ಓಡಿಹೋಗಿ ಸೈಕಲ್ಲು ಹಿಡಿದರು. ಅವನು ಹೆದರಿ ಕೈ ಮುಗಿದ. ಅತ್ತೆ ಮೂಟೆಗೆ ಕೈಹಾಕಿ ಒಂದು ಹರಳು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ನಿಂತಿದ್ದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

‘ಉಪ್ಪೇ ಕಣಪ್ಪಾ’ ಅಂದರು.

ಒಳಗೆ ಬಂದು ಜಾಡಿ ತುಂಬಿಸಿ, ಅಟ್ಟದ ಕಡೆಗೆ ನೋಡದೆ ನೇರ ಒಲೆಯ ಹತ್ತಿರ ಬಂದು ನನ್ನ ಕೈಗಿಟ್ಟರು. ‘ಇನ್ಮೇಕೆ ನೀನೇ ಹಾಕು’ ಎಂದಷ್ಟೇ ಹೇಳಿ ಹೊರಗೆ ಹೋದರು.

ಅಷ್ಟು ದಿನದ ಮೇಲೆ ಕೈಗೆ ಬಂದ ಜಾಡಿ. ಹೆದರಿಕೆಗೆ ಎಷ್ಟು ಹಾಕಿದೆನೋ ನನಗೇ ತಿಳಿಯಲಿಲ್ಲ. ಊಟಕ್ಕೆ ಬಡಿಸಿದ ಮೇಲೆ ಬೆರಳು ನೆಕ್ಕಿ ನೋಡಿದರೆ ಸಾರು ಸಪ್ಪೆ, ನಿಜವಾಗಿಯೂ ಸಪ್ಪೆ. ಮಾವ ಒಂದು ತುತ್ತು ನುಂಗಿ ಅಭ್ಯಾಸಬಲದಿಂದ ಚೊಂಬಿಗೆ ಕೈ ಚಾಚಿದವರು ಅರ್ಧದಲ್ಲೇ ನಿಲ್ಲಿಸಿ, ‘ಇದೇನು, ಉಪ್...’ ಎಂದು ಬಾಯಿ ತೆರೆದರು.

‘ನೀವು ಸುಮ್ಕೆ ಉಣ್ಣಿ’ ಅಂದರು ಅತ್ತೆ. ಇನ್ನೊಂದು ತುತ್ತು ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ನುಂಗಿ, ನನ್ನ ಕಡೆ ನೋಡಿದರು.

‘ಸರ್ಯಾಗೈತೆ.’