ಎಡಸುತ್ತು

ನಮ್ಮಕ್ಕನನ್ನು ಶಾಲೆಯ ಮಕ್ಕಳು ಫ್ಯೂಸ್ ಮೇಡಂ ಎನ್ನುತ್ತಿದ್ದರು. ಕರೆಂಟಿನ ಪಾಠ ಮಾಡುತ್ತಾಳೆ ಎಂಬ ಕಾರಣಕ್ಕೆ ಬಂದ ಹೆಸರೆಂದು ಅವಳು ನಂಬಿದ್ದಳು. ಮೂಗಿನ ತುದಿಯಲ್ಲೇ ಇದ್ದ ಕೋಪಕ್ಕೆ ಬಂದ ಹೆಸರು ಅದು. ಭಾವ ತೀರಿಕೊಂಡ ಮೇಲೆ ಅವಳ ಜೊತೆಗಿರಲು ಹೋದ ನಾನು ಆ ಕೋಪವನ್ನು ಹದಿನಾಲ್ಕು ವರ್ಷ ಉಂಡಿದ್ದೇನೆ, ಹಾಗಾಗಿ ಹೇಳುವ ಹಕ್ಕಿದೆ.

ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಅವಳು ಕೈಕೆಲಸ ಕಲಿಸುತ್ತಿದ್ದಳು. ಪ್ಲಗ್, ಸ್ವಿಚ್, ಬಲ್ಬಿನ ಹೋಲ್ಡರ್, ಇಸ್ತ್ರಿ ಪೆಟ್ಟಿಗೆಯ ವೈರು. ಕಲಿತದ್ದು ಕೊಠಡಿಯಲ್ಲೇ ಕೊಳೆಯಬಾರದು ಎನ್ನುವುದು ಅವಳ ಹಟ. ಶನಿವಾರ ಬಂತೆಂದರೆ ಇಬ್ಬಿಬ್ಬರಂತೆ ಮಕ್ಕಳು ಸುತ್ತಲಿನ ಬೀದಿಗಳಿಗೆ ಹೊರಡುತ್ತಿದ್ದರು. ಒಂಟಿ ಮುದುಕರ, ಕೈಲಾಗದವರ ಮನೆಯಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡಿಕೊಟ್ಟು ಬರುತ್ತಿದ್ದರು. ಕೊನೆಗೆ ಅಕ್ಕ ಹೋಗಿ ವೈರನ್ನು ಎಳೆದು ನೋಡಿ, ಸ್ವಿಚ್ ಹಾಕಿ, ದೀಪ ಹತ್ತಿದರೆ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದಳು.

ಅವಳ ಹೆಮ್ಮೆಯೆಂದರೆ ತಾನೇ ಮಾಡಿದ ಗಾಜಿನ ಹಲಗೆ. ಅದಕ್ಕೆ ಹೆಬ್ಬೆರಳು ಗಾತ್ರದ ಸ್ಕ್ರೂಗಳನ್ನು ಹಾಕಿದ್ದಳು. ಹಲಗೆಯ ಹಿಂದೆ ನಿಂತು, ಗಾಜಿನ ಮೂಲಕ ಮಕ್ಕಳ ಮುಖ ನೋಡುತ್ತಾ ವೈರು ಸುತ್ತಿ ತೋರಿಸುವಳು. “ಬೆನ್ನು ತೋರಿಸ್ಕೊಂಡು ಪಾಠ ಮಾಡೋರು ಮೇಷ್ಟ್ರಲ್ಲ, ಗೋಡೆ,” ಎನ್ನುತ್ತಿದ್ದಳು.

ಅವಳ ಮೊದಲ ಪಾಠವೇ ಬಲಸುತ್ತು. ಸ್ಕ್ರೂ ಬಿಗಿಯಾಗುವುದು ಬಲಕ್ಕೆ, ವೈರನ್ನೂ ಬಲಕ್ಕೇ ಸುತ್ತಬೇಕು. ಆಗ ಬಿಗಿದಷ್ಟೂ ಸ್ಕ್ರೂ ವೈರನ್ನು ಒಳಗೆ ಎಳೆದುಕೊಳ್ಳುತ್ತದೆ. ಎಡಕ್ಕೆ ಸುತ್ತಿದರೆ ಹೊರಗೆ ತಳ್ಳುತ್ತದೆ. ಅವತ್ತಿಗೆ ದೀಪವೇನೋ ಹತ್ತುತ್ತದೆ. ತಿಂಗಳುಗಟ್ಟಲೆ ಒಳಗೊಳಗೇ ಸಡಿಲವಾಗಿ, ಬಿಸಿಯಾಗಿ, ಒಂದು ದಿನ ಕಿಡಿ ಹಾರುತ್ತದೆ.

ಏಳು ವರ್ಷದ ಹಿಂದೆ ಹಾಗೆಯೇ ಹಾರಿತು. ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕುತ್ತಿದ್ದ ಮುದುಕರೊಬ್ಬರ ಮನೆ. ಹೀಟರಿನ ಪ್ಲಗ್ಗಿನಿಂದ ಎದ್ದ ಬೆಂಕಿ ಕಾಗದದ ರಾಶಿಗೆ ತಗುಲಿ, ಆ ಹೊಗೆಯಲ್ಲೇ ಅವರು ತೀರಿಕೊಂಡರು. ಅದಕ್ಕೆ ಮೂರು ತಿಂಗಳ ಮೊದಲು ಆ ಪ್ಲಗ್ಗನ್ನು ರಿಪೇರಿ ಮಾಡಿದ್ದವಳು ಒಂಬತ್ತನೇ ತರಗತಿಯ ಹುಡುಗಿ, ಇಸ್ತ್ರಿ ಅಂಗಡಿಯವಳ ಮಗಳು. ವಿಚಾರಣೆಯ ದಿನ ಅರ್ಧ ಕರಗಿದ ಪ್ಲಗ್ಗನ್ನು ಬಿಚ್ಚಿದರು. ಒಳಗೆ ಎಡಸುತ್ತು.

“ಮೇಡಂ ತೋರಿಸಿದ ಹಾಗೇ ಸುತ್ತಿದೀನಿ,” ಎಂದಳಂತೆ ಹುಡುಗಿ.

“ಇಷ್ಟು ವರ್ಷದಿಂದ ಬಲಸುತ್ತೇ ತೋರಿಸ್ತಿದೀನಿ. ನಿನ್ನ ತಪ್ಪನ್ನ ನನ್ನ ತಲೆಗೆ ಕಟ್ಟಬೇಡ,” ಎಂದಳು ಅಕ್ಕ. ಎಲ್ಲರೂ ಅಕ್ಕನನ್ನು ನಂಬಿದರು. ನಾನೂ ನಂಬಿದೆ. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಬೀದಿಯವರು ಅವಳನ್ನು ಬೆಂಕಿ ಹುಡುಗಿ ಎಂದು ಕರೆದರು. ಶನಿವಾರದ ಕೆಲಸ ನಿಂತುಹೋಯಿತು.

ಈ ವರ್ಷ ಹೊಸ ಹೆಡ್‌ಮಾಸ್ಟರು ಅದನ್ನು ಮತ್ತೆ ಶುರು ಮಾಡೋಣ ಎಂದರು. ಮೊದಲು ಮಕ್ಕಳು ರಿಪೇರಿ ಮಾಡಿದ್ದ ಹಳೆಯ ಮನೆಗಳನ್ನೆಲ್ಲ ಒಮ್ಮೆ ನೋಡಿ ಬನ್ನಿ ಎಂದೂ ಹೇಳಿದರು. ಒಟ್ಟು ನಲವತ್ತಮೂರು ಮನೆ. ಅಕ್ಕನ ಕಣ್ಣು ಮಂಜಾಗಿತ್ತು. ಟಾರ್ಚು, ಆ ಮನೆಗಳ ಪಟ್ಟಿ ಹಿಡಿದು ನಾನೂ ಹೊರಟೆ.

ಮೊದಲ ಮನೆ ಸೂಲಗಿತ್ತಿಯದು. ಪ್ಲಗ್ಗಿನ ಮುಚ್ಚಳ ತೆಗೆದರೆ ಎಡಸುತ್ತು, ಸುತ್ತಲೂ ಕಪ್ಪು. “ಅವಳದೇ ಕೈ,” ಎಂದು ಅಕ್ಕ ಹಲ್ಲು ಕಡಿದಳು. ಎರಡನೆಯದು ಫೋಟೋ ಸ್ಟುಡಿಯೋದವನ ಮನೆ. ಅಲ್ಲೂ ಎಡಸುತ್ತು.

ನಾನು ಪಟ್ಟಿ ನೋಡಿದೆ. “ಅಕ್ಕಾ, ಇದು ಹತ್ತೊಂಬತ್ತು ವರ್ಷದ ಹಿಂದಿನ ಕೆಲಸ ಕಣೇ.”

ಆಗ ಆ ಹುಡುಗಿಗೆ ಎರಡು ವರ್ಷ. ಅಕ್ಕ ನನ್ನ ಕೈಯಿಂದ ಟಾರ್ಚು ಕಿತ್ತುಕೊಂಡು ಮತ್ತೆ ನೋಡಿದಳು. ಮೂರನೆಯ ಮನೆಯಲ್ಲೂ ಅದೇ, ಇಪ್ಪತ್ತಮೂರು ವರ್ಷದ ಹಿಂದೆ ಮಾಡಿದ ನಾಲ್ಕನೆಯದರಲ್ಲೂ ಅದೇ. ಹುಟ್ಟುವ ಮೊದಲೇ ಆ ಹುಡುಗಿ ಈ ಬೀದಿಗಳಲ್ಲಿ ಓಡಾಡಿ ಕೈಯಾಡಿಸಿ ಹೋದಂತಿತ್ತು.

ಆರನೆಯ ಮನೆಯಲ್ಲಿ ಕಣ್ಣಿಲ್ಲದ ಅಜ್ಜಿಯೊಬ್ಬಳು ಒಬ್ಬಳೇ ಇದ್ದಳು. ಅಲ್ಲಿ ಬಲಸುತ್ತು. ತಾಮ್ರ ಹೊಸದಾಗಿ ಫಳಫಳ ಹೊಳೆಯುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿ ತೆಗೆದ ಹಳೆಯ ವೈರಿನ ತುಂಡು, ಉಂಗುರದಂತೆ ಎಡಕ್ಕೆ ಬಾಗಿ ಕೂತಿತ್ತು.

“ಯಾರಜ್ಜಿ ಮಾಡಿದ್ದು?”

“ಮೊನ್ನೆ ನಿಮ್ಮ ಹುಡುಗಿ ಬಂದಿದ್ಲಲ್ಲ! ಬಾಗಿಲು ಶಬ್ದ ಆಗ್ಲಿಲ್ಲ. ಸ್ಕ್ರೂ ತಿರುಗೋದು ಕೇಳಿಸ್ತು. ಯಾರಮ್ಮಾ ಅಂದೆ. ‘ಮೇಡಂ ಶಾಲೆಯಿಂದ’ ಅಂದ್ಲು. ಪಾಪ, ಚಿಕ್ಕ ಹುಡುಗಿ ದನಿ.”

ನಾವು ಯಾರನ್ನೂ ಕಳಿಸಿರಲಿಲ್ಲ. ಅಜ್ಜಿಗೆ ವಯಸ್ಸಾಗಿದೆ, ಏನೋ ಬಡಬಡಿಸುತ್ತಾಳೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಮುಂದಿನ ಬೀದಿಯಲ್ಲಿ ಬೀಗ ರಿಪೇರಿಯವನೂ ಅದನ್ನೇ ಹೇಳಿದ. ಅವನಿಗೆ ಕಣ್ಣು ಚೆನ್ನಾಗಿಯೇ ಇತ್ತು. “ಕತ್ತು ಎತ್ತಲೇ ಇಲ್ಲ ಅಮ್ಮಾವ್ರೇ. ಶಾಲೆ ಯೂನಿಫಾರಂ. ತಿರುಗಿ ನೋಡೋದ್ರಲ್ಲಿ ಇರ್ಲಿಲ್ಲ. ನಾನು ಬೀಗದೋನು, ನನ್ನ ಬಾಗಿಲು ತೆಗೆದ್ರೆ ನಂಗೆ ಗೊತ್ತಾಗಲ್ವಾ?” ಅಲ್ಲೂ ಹೊಸ ಬಲಸುತ್ತು, ಅಲ್ಲೂ ತಾಮ್ರದ ಉಂಗುರ.

ಮೂರು ಶನಿವಾರಗಳಲ್ಲಿ ಮೂವತ್ತೆರಡು ಮನೆ ನೋಡಿದೆವು. ಒಂಬತ್ತರಲ್ಲಿ ಅವಳು ನಮಗಿಂತ ಮೊದಲೇ ಬಂದುಹೋಗಿದ್ದಳು. ಉಳಿದವುಗಳಲ್ಲಿ ಬಹುಪಾಲು ಎಡಸುತ್ತೇ. ಅಕ್ಕ ಒಂದೊಂದನ್ನೂ ಬಿಚ್ಚಿ ಸರಿಯಾಗಿ ಸುತ್ತಿದಳು. ಬೈಗುಳವಿಲ್ಲದ ಅಕ್ಕನನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಆ ಹುಡುಗಿಗಿಂತ ಅದೇ ಹೆಚ್ಚು ಭಯ ತಂದಿತು.

ಮೂವತ್ತೆರಡನೆಯ ಮನೆಯಿಂದ ಹೊರಬಂದವಳು ಬೀದಿಯ ನಡುವೆ ನಿಂತುಬಿಟ್ಟಳು. ಆಮೇಲೆ ಮುಂದಿನ ಮನೆಗೆ ಹೋಗದೆ ಶಾಲೆಯ ಕಡೆ ತಿರುಗಿದಳು. ಕೊಠಡಿಯ ಬೀಗ ತೆಗೆದು ನನ್ನನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿದಳು. ಕೈಗೊಂದು ಪ್ಲಗ್ಗು ಕೊಟ್ಟು, ತಾನು ಗಾಜಿನ ಹಲಗೆಯ ಹಿಂದೆ ನಿಂತಳು.

“ನಾನು ಮಾಡೋದನ್ನ ನೋಡ್ಕೊಂಡು ಹಾಗೇ ಮಾಡು.”

ಅವಳು ಸುತ್ತಿದಳು. ನಾನೂ ಸುತ್ತಿದೆ. ಅವಳು ಹಲಗೆ ಬಳಸಿ ಬಂದು ನನ್ನ ಕೈಯನ್ನು ನೋಡಿದಳು. ಎಡಸುತ್ತು.

ಗಾಜಿನ ಆಚೆಯಿಂದ ಅವಳ ಬಲ ನನಗೆ ಎಡವಾಗಿ ಕಂಡಿತ್ತು. ಸ್ಕ್ರೂ ತಪ್ಪು ತಿರುಗಿಸಿದರೆ ಕಳಚಿ ಬರುತ್ತದೆ, ತಪ್ಪು ತಾನಾಗಿ ಗೊತ್ತಾಗುತ್ತದೆ. ವೈರು ಹಾಗಲ್ಲ, ಎತ್ತ ಸುತ್ತಿದರೂ ಸುತ್ತಿಸಿಕೊಳ್ಳುತ್ತದೆ. ಅವಳ ಬಾಯಿ ಬಲ ಎನ್ನುತ್ತಿತ್ತು, ಮಕ್ಕಳು ಕೈಯನ್ನು ನಂಬಿದರು. ಸಹಿ ಮಾಡುವ ಮುನ್ನ ಅವಳು ಒಮ್ಮೆಯೂ ಮುಚ್ಚಳ ತೆಗೆದು ನೋಡಿರಲಿಲ್ಲ.

“ಇಪ್ಪತ್ತಾರು ವರ್ಷ,” ಎಂದಳು ಅಕ್ಕ. “ಆ ಮಗು ಸತ್ಯ ಹೇಳಿತ್ತು ಕಣೇ.” ಅವಳು ಮಕ್ಕಳ ಬೆಂಚಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವತ್ತು ಅಕ್ಕನನ್ನು ನಂಬಿದವರಲ್ಲಿ ನಾನೂ ಒಬ್ಬಳು.

ಸೋಮವಾರ ಬೆಳಿಗ್ಗೆ ಇಡೀ ಶಾಲೆ ಸಾಲಾಗಿ ನಿಂತಿದ್ದಾಗ ಅವಳು ಮುಂದೆ ಬಂದು ಎಲ್ಲವನ್ನೂ ಹೇಳಿದಳು. ರಿಟೈರ್ ಆಗಲು ಮೂರು ತಿಂಗಳಿದೆ, ಈಗ್ಯಾಕೆ ಮೇಡಂ ಎಂದು ಹೆಡ್‌ಮಾಸ್ಟರು ಕೈ ಹಿಸುಕಿಕೊಂಡರು. ಅವಳು ಅದನ್ನೇ ಬರೆದು ಸಹಿ ಮಾಡಿ ಅವರ ಕೈಗೆ ಕೊಟ್ಟು, ನನ್ನನ್ನು ಕರೆದುಕೊಂಡು ಇಸ್ತ್ರಿ ಅಂಗಡಿಗೆ ನಡೆದಳು.

ಅಂಗಡಿಯ ಹಿಂದೆಯೇ ಮನೆ. ತಾಯಿ ಕೆಂಡದ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಗೋಡೆಯಲ್ಲಿ ಸ್ವಿಚ್ಚುಗಳಿದ್ದ ಜಾಗಕ್ಕೆಲ್ಲ ಸಿಮೆಂಟು ಮೆತ್ತಿತ್ತು. ಅಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಆ ತಾಯಿ ಕೂಗಾಡಿದ್ದರೆ ಚೆನ್ನಾಗಿತ್ತು.

“ನಂಗ್ಯಾಕೆ ಹೇಳ್ತೀರಿ. ಅವಳಿಗೆ ಹೇಳಿ,” ಎಂದಳು. “ಏಳು ವರ್ಷ ಆಯ್ತು, ಆ ಕೋಣೆ ಬಿಟ್ಟು ಹೊರಗೆ ಬಂದಿಲ್ಲ.”

“ಮೊನ್ನೆ ಅಜ್ಜಿ ಮನೆಗೆ...” ಎಂದು ನಾನು ಬಾಯಿ ಹಾಕಿದೆ.

“ಮೊನ್ನೆನೂ ಇಲ್ಲ, ಆಚೆ ಮೊನ್ನೆನೂ ಇಲ್ಲ. ನಾನು ಹಗಲೂ ರಾತ್ರಿ ಈ ಬಾಗಿಲಲ್ಲೇ ಇರ್ತೀನಿ.”

ಒಳಗೆ ಅರೆಗತ್ತಲು. ಇಪ್ಪತ್ತೊಂದರ ಹುಡುಗಿ, ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಬೆರಳ ತುದಿಗಳಲ್ಲಿ ವೈರು ಸುಲಿದಾಗ ಆಗುವ ಸಣ್ಣ ಗಾಯಗಳು, ಹಸಿಹಸಿಯಾಗಿದ್ದವು. ಆ ಮನೆಯಲ್ಲಿ ಒಂದು ಗೇಣು ವೈರೂ ಇರಲಿಲ್ಲ.

ಅಕ್ಕ ಮಂಡಿನೋವನ್ನೂ ಲೆಕ್ಕಿಸದೆ ಅವಳೆದುರು ನೆಲಕ್ಕೆ ಕೂತಳು. “ನೀನು ಸರಿಯಾಗೇ ನೋಡಿದ್ದೆ, ಮಗಾ. ನಾನೇ ತಪ್ಪಾಗಿ ತೋರಿಸಿದ್ದು. ಆ ಸಾವು ನನ್ನದು, ನಿನ್ನದಲ್ಲ.”

ಹುಡುಗಿ ಕತ್ತೆತ್ತಿ ಕೇಳಿದಳು, “ಎಲ್ಲರ ಮುಂದೆ ಹೇಳಿದ್ರಾ?”

“ಹೇಳಿದೆ. ಬರೆದೂ ಕೊಟ್ಟೆ.”

ಅವಳು ಗೋಡೆ ಹಿಡಿದು ಎದ್ದಳು. “ಹಾಗಾದ್ರೆ ಬನ್ನಿ ಮೇಡಂ, ಇನ್ನು ಹನ್ನೊಂದು ಮನೆ ಉಳಿದಿದೆ.”

ಪಟ್ಟಿ ನನ್ನ ಚೀಲದಲ್ಲಿತ್ತು. ಅದನ್ನು ನಾವು ಯಾರಿಗೂ ತೋರಿಸಿರಲಿಲ್ಲ. ಕೇಳಬೇಡ ಎಂದು ಅಕ್ಕ ನನಗೆ ಕಣ್ಣಲ್ಲೇ ಹೇಳಿದಳು.

ತಾಯಿ ಮಂಚದ ಕೆಳಗೆ ಬಗ್ಗಿ ತಡಕಾಡಿ, ಧೂಳು ಹಿಡಿದ ಒಂದು ಜೊತೆ ಚಪ್ಪಲಿ ತಂದಿಟ್ಟಳು. “ಇವಳಿಗೆ ಇರೋದು ಇವೇ,” ಎಂದಳು. ಒಂಬತ್ತನೇ ತರಗತಿಯಲ್ಲಿ ಅವಳು ಹಾಕಿಕೊಳ್ಳುತ್ತಿದ್ದವು. ಹುಡುಗಿ ಅವನ್ನೇ ಮೆಟ್ಟಿಕೊಂಡಳು. ಹಿಮ್ಮಡಿಗಳು ಎರಡು ಬೆರಳಿನಷ್ಟು ಹೊರಗೆ ಚಾಚಿ ನೆಲಕ್ಕೆ ತಾಗುತ್ತಿದ್ದವು. ಹಾಗೆಯೇ ಅಕ್ಕನ ಕೈ ಹಿಡಿದು ಬೀದಿಗೆ ಇಳಿದಳು.