ಹವೇಲಿಯ ಬಾಗಿಲಲ್ಲಿ ಬಳೆ ಸಪ್ಪಳ

ಹುಮನಾಬಾದಿನ ನಮ್ಮ ಓಣಿಯಲ್ಲಿ ಸಂಗಮ್ಮ ಯಾರ ಮನೆಯ ಬಾಗಿಲಲ್ಲೂ ನಿಂತು ಕರೆದವಳಲ್ಲ. ನೇರ ಅಡುಗೆಮನೆಗೆ ಬರುತ್ತಿದ್ದಳು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು, ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ, "ಉಪ್ಪ ಜಾಸ್ತಿ ಆಗ್ಯಾದ ನೋಡ" ಎನ್ನುತ್ತಿದ್ದಳು. ಆಮೇಲೆ ಗೋಡೆಗೆ ಒರಗಿ ಕುಳಿತು ಚಹಾ ಕೇಳುತ್ತಿದ್ದಳು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವಳು ಹೇಳಿದ ಮನೆಯಲ್ಲಿ ಉಪ್ಪು ನಿಜವಾಗಿಯೂ ಜಾಸ್ತಿಯಾಗಿರುತ್ತಿತ್ತು.

ಅವಳು ಹುಟ್ಟಿದ್ದು ಮುಡಬಿಯಲ್ಲಿ. ತಂದೆ ಸತ್ತ ಮೇಲೆ, ಇನ್ನೂ ಮೈನೆರೆಯುವ ಮೊದಲೇ, ಅವಳನ್ನು ಹೈದರಾಬಾದಿನ ಒಬ್ಬ ಬೇಳೆ ಸಾಹುಕಾರರ ಮನೆಗೆ ಕೆಲಸಕ್ಕೆ ಕಳಿಸಿದರು. ತಮ್ಮ ವೈಜಿನಾಥ ಶಾಲೆಗೆ ಹೋದದ್ದು ಆ ದುಡಿಮೆಯಲ್ಲಿ. ಆ ಮನೆಯ ಸಾಹುಕಾರ್ತಿಗೆ ಆಳುಗಳು ಸದ್ದಿಲ್ಲದೆ ಒಳಗೆ ಬರುವುದು ಸೇರುತ್ತಿರಲಿಲ್ಲ. ದೊಡ್ಡ ಪಡಸಾಲೆಗೆ ಬರುವ ಮುಂಚೆ ಹೊಸ್ತಿಲ ಆಚೆ ನಿಂತು, ಬಾಗಿಲ ಚೌಕಟ್ಟಿಗೆ ಕೈಬಳೆಯನ್ನು ಎರಡು ಸಲ ಬಾರಿಸಬೇಕು. ಒಳಗಿನಿಂದ ಯಾರಾದರೂ "ಬಾ" ಎಂದರೆ ಮಾತ್ರ ಒಳಗೆ ಕಾಲಿಡಬೇಕು. ಸಂಗಮ್ಮ ಒಂದು ದಿನ ಮರೆತಳು. ಸಾಹುಕಾರ್ತಿ ಅವಳ ಕೈ ಹಿಡಿದು ಚೌಕಟ್ಟಿಗೆ ಬಡಿದಳು. ಬಳೆ ಒಡೆದು ಮಣಿಕಟ್ಟಿಗೆ ಹೊಕ್ಕಿತು. ಆ ಗಾಯದ ಬಿಳಿಯ ಗೆರೆಯನ್ನು ಸಂಗಮ್ಮ ನಮಗೆ ತೋರಿಸಿ, "ಆಮ್ಯಾಗ ಒಂದ ಸಲಾನೂ ಮರೀಲಿಲ್ಲ" ಎಂದು ನಗುತ್ತಿದ್ದಳು.

ದೊಡ್ಡವಳಾದ ಮೇಲೆ ಬಸವಕಲ್ಯಾಣಕ್ಕೆ ಮದುವೆ ಮಾಡಿ ಕೊಟ್ಟರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ಕೆಲವು ವರ್ಷ ಅವರಿಬ್ಬರಿಗೂ ರೊಟ್ಟಿ ಬಡಿದು ಹಾಕಿಕೊಂಡು ಅಲ್ಲಿಯೇ ಇದ್ದಳು. ಅಷ್ಟರಲ್ಲಿ ವೈಜಿನಾಥ ಹುಮನಾಬಾದಿನಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಸಂಗಮ್ಮ ಉಟ್ಟ ಸೀರೆಯಲ್ಲಿಯೇ ಬಸ್ಸು ಹತ್ತಿ ಬಂದು ಕೂಸನ್ನು ಎತ್ತಿಕೊಂಡಳು. ಮತ್ತೆ ಬಸವಕಲ್ಯಾಣಕ್ಕೆ ಹೋಗಲಿಲ್ಲ. ಆ ಕೂಸೇ ರೂಪಾಲಿ. ಮಾತು ಬಂದ ದಿನದಿಂದ ಅವಳು ಸಂಗಮ್ಮನನ್ನು "ಅವ್ವಾ" ಎಂದೇ ಕರೆದಳು.

ರೂಪಾಲಿ ಬಿ.ಕಾಂ. ಮುಗಿಸಿದ ವರ್ಷ ಹೈದರಾಬಾದಿನಿಂದ ಸಂಬಂಧ ಬಂತು. ಎರಡು ಮೂರು ತಲೆಮಾರಿನಿಂದ ಅಲ್ಲಿಯೇ ಇದ್ದು ವ್ಯಾಪಾರ ಮಾಡಿದ ನಮ್ಮ ಕಡೆಯ ಜನ. ಹುಡುಗ ಬಸವಕಿರಣ ಒಂದು ಮದುವೆಯಲ್ಲಿ ರೂಪಾಲಿಯನ್ನು ನೋಡಿ ಮೆಚ್ಚಿದ್ದ. ಅವನ ತಾಯಿ ಸುಗಂಧಾ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ನಾವು ಹುಮನಾಬಾದಕ್ಕ ಬರಂಗಿಲ್ರಿ. ನಮ್ಮ ಮಾವನೋರಿಗಿ ಪ್ರಯಾಣ ಆಗಂಗಿಲ್ಲ. ನಿಶ್ಚಯ ಇಲ್ಲೇ ಮಾಡ್ರಿ. ಜಾಗಾ ಮಾತ್ರ ನಾಕ ಮಂದಿ ನೋಡೋ ಹಂಗ ಇರಲಿ."

ರೂಪಾಲಿ ಫೋನಿನಲ್ಲಿ ಹುಡುಕಿ ಒಂದು ಹವೇಲಿಯನ್ನು ತೆಗೆದಳು. ಹಳೆಯ ಕಾಲದ ಮನೆ, ಈಗ ಹೊಸದಾಗಿ ರಿಪೇರಿ ಮಾಡಿಸಿ ದಿನದ ಬಾಡಿಗೆಗೆ ಕೊಡುತ್ತಾರೆ. ಕೆತ್ತನೆಯ ಕಂಬಗಳು, ಹಿತ್ತಾಳೆಯ ಸರಪಳಿಯ ಜೋಕಾಲಿ, ಅಂಗಳದ ನಡುವೆ ನೀಲಿ ನೀರಿನ ಈಜುಕೊಳ. ಓಣಿಯ ಎಲ್ಲರಿಗೂ ಅವಳು ಆ ಫೋಟೋ ತೋರಿಸಿದಳು. ವೈಜಿನಾಥ ಎರಡು ದಿನಕ್ಕೆ ಬಾಡಿಗೆಗೆ ಹಿಡಿದ.

ನಿಶ್ಚಯದ ದಿನ ಗಂಡಿನ ಕಡೆಯವರು ಹುಡುಗಿಯ ತಾಯಿಯನ್ನು ಮಣೆಯ ಮೇಲೆ ಕೂರಿಸಿ, ಒಂದು ಸೀರೆ ಕೊಟ್ಟು, ಉಡಿ ತುಂಬುತ್ತಾರೆ. ಆ ಮಣೆಯ ಮೇಲೆ ಸಂಗಮ್ಮನೇ ಕೂರುವುದೆಂದು ಓಣಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ರೂಪಾಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಹೇಳಿದ್ದನ್ನು ನಮ್ಮ ಅವ್ವ ಕಿವಿಯಾರೆ ಕೇಳಿದ್ದಾಳೆ. "ನನ್ನ ಸಾಕಿದಾಕಿಗಿ ಹಸಿರು ಸೀರಿ ತರ್ರಿ ಅಂತ ಅವರಿಗಿ ಹೇಳೀನಿ. ನಿನಗ ಹಸಿರು ಚಂದ ಕಾಣತದ ಅವ್ವಾ."

"ಈ ವಯಸ್ಸಿಗಿ ಚಂದ ಕಂಡು ಏನ ಮಾಡಬೇಕಾಗ್ಯಾದ?" ಎಂದು ಸಂಗಮ್ಮ ಅವಳ ಕಿವಿ ಹಿಂಡಿದಳು. ಆದರೆ ಮರುದಿನವೇ ಬಳೆಗಾರರ ಅಂಗಡಿಗೆ ಹೋಗಿ ಎರಡೂ ಕೈಗೆ ಹಸಿರು ಗಾಜಿನ ಬಳೆ ಇಡಿಸಿಕೊಂಡು ಬಂದಳು.

ಮುಂದಿನದು ಸಂಗಮ್ಮನೇ ನಮ್ಮ ಅವ್ವನಿಗೆ ಹೇಳಿದ್ದು. ನಾನು ಕೇಳಿಸಿಕೊಂಡದ್ದಕ್ಕೆ ಏನನ್ನೂ ಸೇರಿಸಿಲ್ಲ.

ಗಾಡಿ ಹೈದರಾಬಾದಿನ ಹಳೆಯ ಬಜಾರಿನ ಗಲ್ಲಿಗೆ ತಿರುಗಿದಾಗಲೇ ಸಂಗಮ್ಮ ಮಾತು ನಿಲ್ಲಿಸಿದಳು. ಹವೇಲಿಯ ಮುಂದೆ ಇಳಿದವಳು ಮುಂಬಾಗಿಲಿಗೆ ಹೋಗದೆ, ಗೋಡೆಯ ಪಕ್ಕದ ಸಂದಿಯಲ್ಲಿ ನಡೆದು ಹಿತ್ತಲ ಬಾಗಿಲಿಗೆ ಹೋಗಿ ನಿಂತಳು. ಚಪ್ಪಲಿಯನ್ನೂ ಅಲ್ಲಿಯೇ ಬಿಟ್ಟಳು. ಅವಳನ್ನು ಹುಡುಕಿಕೊಂಡು ವೈಜಿನಾಥ ಬಂದ.

"ಅಕ್ಕಾ, ಇಲ್ಲಿ ಯಾಕ ಬಂದಿ?"

"ತಮ್ಮಾ, ಇದೇ ಮನಿ. ನಾ ಕೆಲಸಕ್ಕಿದ್ದ ಮನಿ ಇದೇ. ಫೋಟೋದಾಗ ಗುರ್ತ ಹತ್ತಲಿಲ್ಲ."

ವೈಜಿನಾಥ ಸುತ್ತ ನೋಡಿದ. "ಬಾಯಿ ಮುಚ್ಚು. ಯಾರ ಮುಂದೂ ಅನಬ್ಯಾಡ. ರೂಪಾನ ಮುಂದೂ ಅನಬ್ಯಾಡ."

ಅವಳು ಅನ್ನಲಿಲ್ಲ. ಕಪ್ಪು ಅಂಗಿಯ ಮ್ಯಾನೇಜರ್ ಎಲ್ಲರಿಗೂ ಮನೆ ತೋರಿಸಿದ. ಎಮ್ಮೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ಬಾನಿಯಲ್ಲಿ ಗುಲಾಬಿ ಎಸಳು ತೇಲುತ್ತಿದ್ದವು. ಅವಳು ಎಷ್ಟೋ ಬೆಳಗಿನ ಜಾವ ತಿರುಗಿಸಿದ ಬೀಸುಕಲ್ಲನ್ನು ಗೋಡೆಗೆ ಕೂರಿಸಿ ಮೇಲೊಂದು ದೀಪ ಇಳಿಬಿಟ್ಟಿದ್ದರು. ಮೆಟ್ಟಿಲ ಕೆಳಗೆ ಅವಳು ಚಾಪೆ ಹಾಸಿ ಮಲಗುತ್ತಿದ್ದ ಜಾಗದಲ್ಲಿ ಬಿಳಿಯ ಸ್ನಾನದ ತೊಟ್ಟಿ ಇತ್ತು. ರೂಪಾಲಿ ಅದರೊಳಗೆ ಕುಳಿತು ಫೋಟೋ ತೆಗೆಸಿಕೊಂಡಳು. "ಅವ್ವಾ, ನೀನೂ ಬಾ" ಎಂದು ಕರೆದಳು. ಸಂಗಮ್ಮ ದೂರದಿಂದಲೇ ಕೈ ಅಲ್ಲಾಡಿಸಿದಳು.

ಮರುದಿನ ಗಂಡಿನ ಕಡೆಯವರು ಬಂದು ಪಡಸಾಲೆಯಲ್ಲಿ ಕುಳಿತರು. ಹೆಂಗಸರು ಒಳಕೋಣೆಯಲ್ಲಿ ರೂಪಾಲಿಗೆ ಹೂ ಮುಡಿಸುತ್ತಿದ್ದರು. ಸಂಗಮ್ಮ ಹೊಸ ಇಳಕಲ್ ಸೀರೆ ಉಟ್ಟು ಕರೆಯುವುದನ್ನೇ ಕಾಯುತ್ತ ಕುಳಿತಿದ್ದಳು. ಪಡಸಾಲೆಯಲ್ಲಿ ವರನ ಅಜ್ಜ ಘಾಳೆಪ್ಪ ಕೆಮ್ಮತೊಡಗಿದ. ಕೆಮ್ಮು ನಿಲ್ಲಲಿಲ್ಲ. "ನೀರು" ಎಂದ. ಹವೇಲಿಯ ಹುಡುಗರು ಮೇಲೆ ತಾರಸಿಯಲ್ಲಿ ಊಟದ ಮೇಜು ಜೋಡಿಸುತ್ತಿದ್ದರು. ಸಂಗಮ್ಮ ಎದ್ದು ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ನೀರಿನ ಲೋಟ ಇಟ್ಟುಕೊಂಡು ಬಂದಳು.

ಪಡಸಾಲೆಯ ಹೊಸ್ತಿಲು ಬಂತು. ಅವಳ ಕಾಲು ನಿಂತಿತು. ಕೈ ತಾನಾಗಿಯೇ ಹೋಗಿ ಬಾಗಿಲ ಚೌಕಟ್ಟಿಗೆ ಬಳೆಯನ್ನು ಎರಡು ಸಲ ಬಾರಿಸಿತು.

ಘಾಳೆಪ್ಪ ಕೆಮ್ಮುತ್ತಲೇ, ತಲೆ ಎತ್ತದೆ, "ಬಾ" ಎಂದ.

ಅವಳು ಬಂದು ಬಗ್ಗಿ ನೀರು ಕೊಟ್ಟಳು. ಅವನು ಕುಡಿದು, ಲೋಟ ಕೆಳಗಿಡುತ್ತ, ಅವಳ ಮಣಿಕಟ್ಟನ್ನು ನೋಡಿದ. ಆಮೇಲೆ ಮುಖ ನೋಡಿದ.

"ಏ, ನೀ ಮುಡಬಿ ಸಂಗಿ ಅಲ್ಲೇನ?"

ಸಂಗಮ್ಮ ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಳು.

"ಅಕೀನೇ! ಈ ಗಾಯ ಆದ ದಿನ ನಾ ಇಲ್ಲೇ ಕುಂತಿದ್ದೆ" ಎಂದು ಮುದುಕ ಖುಷಿಯಿಂದ ಎಲ್ಲರಿಗೂ ಹೇಳತೊಡಗಿದ. "ಬ್ಯಾಳಿ ವ್ಯಾಪಾರಕ್ಕ ಈ ಮನಿಗಿ ಬರತಿದ್ದೆ. ಇಕಿ ನನ್ನ ಕಾಲಿಗಿ ನೀರು ಹಾಕತಿದ್ದಳು. ಮುಸರಿ ತಿಕ್ಕತಿದ್ದಳು. ಸಾಹುಕಾರ್ತಿ ಬಡದು ಬಡದು ಕಲಿಸಿದ್ದಳು. ನೋಡ್ರಿ, ಇನ್ನೂ ಮರ್ತಿಲ್ಲ!"

ವರನ ಕಡೆಯ ಒಬ್ಬ ಹುಡುಗ ನಕ್ಕ. "ಹವೇಲಿ ಜೋಡಿ ಹಳೇ ಆಳೂ ಬಾಡಿಗಿಗಿ ಕೊಡತಾರೇನ್ರಿ ಇಲ್ಲಿ?"

ಎಲ್ಲರೂ ನಕ್ಕರು. ಸುಗಂಧಾ ವೈಜಿನಾಥನ ಕಡೆ ತಿರುಗಿದಳು. "ಇಕಿ ನಿಮಗ ಹ್ಯಾಂಗ ಗುರ್ತರಿ?"

ವೈಜಿನಾಥ ಶಲ್ಯ ಸರಿಮಾಡಿಕೊಂಡ. ಸಂಗಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತ ಹೇಳಿದ: "ಈಗ ನಮ್ಮ ಮನ್ಯಾಗ ಇರತಾಳ್ರಿ. ಕೆಲಸಕ್ಕ."

"ಆಳಿಗೂ ಇಳಕಲ್ ಉಡಿಸೀರಿ. ದೊಡ್ಡ ಮನಸು ಬಿಡ್ರಿ" ಎಂದಳು ಸುಗಂಧಾ.

ಒಳಕೋಣೆಯ ಬಾಗಿಲಲ್ಲಿ ರೂಪಾಲಿ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿದ್ದಳು. ಅವಳನ್ನು ಕರೆದು ಮಣೆಯ ಮೇಲೆ ಕೂರಿಸಿದರು. ಸುಗಂಧಾ ಚೀಲದಿಂದ ಸೀರೆ ತೆಗೆದಳು. ಹಸಿರು, ಅಗಲ ಅಂಚಿನದು.

"ನಿನ್ನ ಸಾಕಿದಾಕಿಗಿ ಅಂತ ಹೇಳಿದ್ದಿಯಲ್ಲ, ತಂಗೀ, ತಂದೀನಿ. ಯಾರವ್ವ ಅಕಿ? ಕರಿ, ಉಡಿ ತುಂಬೋಣು."

ಸಂಗಮ್ಮ ಖಾಲಿ ಲೋಟದ ತಟ್ಟೆ ಹಿಡಿದುಕೊಂಡು ಕಂಬದ ಪಕ್ಕ ನಿಂತಿದ್ದಳು. ತಮ್ಮ ಆಳು ಅಂದರೆ ಅನ್ನಲಿ, ಕೂಸು ಅನ್ನುವುದಿಲ್ಲ ಎಂದೇ ಆಗ ಅವಳಿಗೆ ಅನಿಸಿತಂತೆ. ತಟ್ಟೆಯನ್ನು ಎಲ್ಲಿಡಲಿ ಎಂದು ಸುತ್ತ ನೋಡಿದಳಂತೆ.

ರೂಪಾಲಿ ಪಕ್ಕದಲ್ಲಿ ನಿಂತಿದ್ದ ಹಳ್ಳಿಖೇಡದ ಚಿಕ್ಕವ್ವನ ಕೈ ಹಿಡಿದಳು. ಹುಟ್ಟಿದಾಗ ಒಮ್ಮೆ, ಕಾಲೇಜು ಸೇರಿದಾಗ ಒಮ್ಮೆ ಬಂದು ಹೋದ ಚಿಕ್ಕವ್ವ.

"ಇಕಿನ್ರಿ" ಎಂದಳು.

ಚಿಕ್ಕವ್ವ ಗಾಬರಿಯಾಗಿ ಸಂಗಮ್ಮನ ಕಡೆ ನೋಡಿದಳು. ಆದರೆ ಸುಗಂಧಾ ಅಷ್ಟರಲ್ಲಿ ಅವಳನ್ನು ಕೂರಿಸಿ ಹಣೆಗೆ ಕುಂಕುಮ ಹಚ್ಚಿಯಾಗಿತ್ತು. ಉಡಿ ತುಂಬಲು ಅಕ್ಕಿ ಬೇಕಾಯಿತು. ಅಕ್ಕಿಯ ತಟ್ಟೆ ದೂರ ಇತ್ತು. ರೂಪಾಲಿ ತಲೆ ಬಗ್ಗಿಸಿಕೊಂಡೇ ಹೇಳಿದಳು: "ಸಂಗಮ್ಮ, ಆ ಅಕ್ಕಿ ಇಲ್ಲಿ ಹಿಡಿ."

ಹುಟ್ಟಿದಾಗಿನಿಂದ ಅವಳು ಆ ಹೆಸರನ್ನು ಬಾಯಲ್ಲಿ ಆಡಿರಲಿಲ್ಲ. ಸಂಗಮ್ಮ ಅಕ್ಕಿಯ ತಟ್ಟೆ ತಂದು ಹಿಡಿದಳು. ಶಾಸ್ತ್ರ ಮುಗಿಯುವವರೆಗೂ ಹಿಡಿದು ನಿಂತಳು. ಹೊರಡುವಾಗ ಸುಗಂಧಾ ಅವಳ ಕೈಗೂ ಒಂದು ಕುಪ್ಪಸದ ಬಟ್ಟೆ ಹಾಕಿದಳು. ಸಂಗಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಾಗೆ ತೆಗೆದುಕೊಳ್ಳುವುದನ್ನೂ ಆ ಮನೆಯಲ್ಲಿಯೇ ಕಲಿತಿದ್ದಳು.

ಮದುವೆಯೂ ಹೈದರಾಬಾದಿನಲ್ಲಿಯೇ ಆಯಿತು. ನಮ್ಮ ಓಣಿಯವರನ್ನು ಕರೆಯಲಿಲ್ಲ. ಬಾಯಿ ಬಿಡುತ್ತೇವೆಂಬ ಹೆದರಿಕೆ ವೈಜಿನಾಥನಿಗೆ. ಮದುವೆಯ ಹಿಂದಿನ ವಾರ ಸುಗಂಧಾ ಫೋನು ಮಾಡಿದ್ದಳು. "ಆ ಬಳಿ ಬಾರಿಸೋ ಹೆಂಗಸನ್ನ ರೂಪಾಲಿ ಜೋಡಿ ಕಳಸ್ರಿ. ಅಂಥ ರೀತಿ ಈಗಿನ ಕೆಲಸದೋರಿಗಿ ಎಲ್ಲಿ ಬರತದ?"

ವೈಜಿನಾಥ ಅಕ್ಕನ ಕಾಲು ಹಿಡಿದ. "ಒಂದ ವರ್ಷ ಅಕ್ಕಾ. ಆಮ್ಯಾಗ ನಾನೇ ಖರೇ ಹೇಳತೀನಿ."

ನಮ್ಮ ಅವ್ವ ಅವಳಿಗೆ ಬೈದಳು. "ಹೋಗಬ್ಯಾಡ. ನಾಯಿಗತೆ ಕರದರ ನಾಯಿಗತೆ ಹೊಂಟೀಯೇನ?"

"ಕೂಸು ನಾಕ ಮಂದಿ ಕುಂತಾಗ ಹಂಗ ಅಂದಾಳ, ಪಾಪ" ಎಂದಳು ಸಂಗಮ್ಮ, ಸೀರೆ ಮಡಚುತ್ತ. "ಇಬ್ಬರೇ ಇದ್ದಾಗ ಅವ್ವಾ ಅಂದೇ ಅಂತಾಳ. ನನಗ ಅಷ್ಟ ಸಾಕ."

ವರ್ಷ ಕಳೆಯಿತು. ವೈಜಿನಾಥ ಯಾವ ಮಾತನ್ನೂ ಆಡಲಿಲ್ಲ. ಅಂಗಡಿಯನ್ನು ದೊಡ್ಡದು ಮಾಡಿಸಿದ. ಅಳಿಯನ ಫೋಟೋವನ್ನು ಗಲ್ಲಾಪೆಟ್ಟಿಗೆಯ ಮೇಲೆ ಹಾಕಿದ. ಹೋದ ತಿಂಗಳು ಸಂಗಮ್ಮನಿಗೆ ಎರಡು ದಿನ ರಜೆ ಕೊಟ್ಟು ಊರಿಗೆ ಕಳಿಸಿದ್ದರು.

ಮಧ್ಯಾಹ್ನ. ಅವ್ವ ರೊಟ್ಟಿ ಮಾಡುತ್ತಿದ್ದಳು. ನಮ್ಮ ಬಾಗಿಲ ಚೌಕಟ್ಟಿಗೆ ಏನೋ ಎರಡು ಸಲ ತಾಗಿದ ಸದ್ದು ಕೇಳಿಸಿತು. ಅವ್ವ ಯಾರೆಂದು ಕೇಳಿದಳು. ಎದ್ದು ಹೋಗಿ ನೋಡಿದರೆ ಸಂಗಮ್ಮ ಹೊಸ್ತಿಲ ಆಚೆ ನಿಂತಿದ್ದಳು.

"ಏ ಹುಚ್ಚಿ, ಹೊರಗ ಯಾಕ ನಿಂತಿ? ಒಳಗ ಬಾ."

ಒಳಗೆ ಬಂದಳು. ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಗೋಡೆಗೂ ಒರಗಲಿಲ್ಲ. ಚಹಾ ಕೊಟ್ಟರೆ ಲೋಟ ಹಿಡಿದುಕೊಂಡು ಕುಳಿತಳು. ಅವ್ವ ಹೆಂಚಿನ ಮೇಲೆ ರೊಟ್ಟಿ ಹಾಕುತ್ತ ಕೇಳಿದಳು.

"ಇಬ್ಬರೇ ಇದ್ದಾಗ ಅಂದಳೇನು, ಅವ್ವಾ ಅಂತ?"

ಸಂಗಮ್ಮ ಚಹಾ ನೋಡುತ್ತಿದ್ದಳು. "ಒಂದ ದಿನ ಎಲ್ಲಾರೂ ಊರಿಗಿ ಹೋಗಿದ್ದರು. ಅಕಿ ಒಬ್ಬಾಕಿನೇ ಅಡಗಿ ಮಾಡಾಕತ್ತಿದ್ದಳು. ಇವತ್ತ ಅಂತಾಳ ಅಂತ ಹಿಂದಿನಿಂದ ಸುಮ್ಮನ ಹೋದೆ. ಮುಚ್ಚಳ ತಗದು ನೋಡಿದೆ. ಉಪ್ಪ ಜಾಸ್ತಿ ಆಗ್ಯಾದ ಕೂಸೇ, ಅಂದೆ."

"ಏನಂದಳು?"

"ಹೆದರಿ ತಿರಗಿದಳು. ಸಂಗಮ್ಮ, ಎಷ್ಟ ಸಲ ಹೇಳಬೇಕು ನಿನಗ, ಬಳಿ ಬಾರಿಸಿ ಬಾ ಅಂದಳು."

"ಮತ್ತ ನೀ?"

"ಹೊರಗ ಹೋದೆ. ಬಾರಿಸಿದೆ."

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಸಂಗಮ್ಮನೇ ಕೈ ಚಾಚಿ ಅದನ್ನು ತಿರುವಿ ಹಾಕಿದಳು.

"ಬಾ ಅಂದಳು" ಎಂದಳು.